ನೀಲಿ ಫ್ಲಾಸ್ಕಿನ ಸಂಶೋಧನೆ

ಇವತ್ತಿನ ಪೇಪರಿನ ಮುಖಪುಟವೇ ಜಾಹೀರಾತು. ಕೌನ್ಸೆಲಿಂಗ್ ಸೀಸನ್ನು, ಇರಲಿ. ಒಂದು ಇಂಜಿನಿಯರಿಂಗ್ ಕಾಲೇಜು ತಾನು ‘ಸಂಶೋಧನೆಯಲ್ಲಿ ಮುಂಚೂಣಿ’ ಅಂತ ಹಾಕಿಕೊಂಡಿದೆ. ಕೆಳಗೆ ಇಷ್ಟು ಪೇಪರು, ಇಷ್ಟು ಪೇಟೆಂಟು, ಇಷ್ಟು ಲಕ್ಷದ ಪ್ಯಾಕೇಜು. ಪಕ್ಕದಲ್ಲಿ ಬಿಳಿ ಕೋಟಿನ ಹುಡುಗಿಯೊಬ್ಬಳು ನೀಲಿ ನೀರಿನ ಫ್ಲಾಸ್ಕನ್ನ ಬೆಳಕಿಗೆ ಹಿಡಿದು ದಿಟ್ಟಿಸ್ತಿದ್ದಾಳೆ. ಫೋಟೋ ಅಡಿಯಲ್ಲಿ ಬರೆದಿರೋದು: ಸಿವಿಲ್ ವಿಭಾಗ.

ನಾನು ಸಂಶೋಧನೆ ಅಂತ ಬಾಯಿ ತೆಗೆದರೆ ಮಾತು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ ಇರೋ ಊರು ಅರ್ಬಾನಾಗೆ ಹೋಗಿ ನಿಲ್ಲುತ್ತೆ ಅಂತ ನಿಮಗೆಲ್ಲ ಗೊತ್ತು. ಇವತ್ತೂ ಅಲ್ಲಿಗೇ. ಬೇಜಾರಾದವರು ಸ್ಕ್ರಾಲ್ ಮಾಡಬಹುದು.

ಇಲಿನಾಯ್ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ಕಾಲೇಜು ಅಂದ ಕೂಡಲೇ ಜನ ಭೌತವಿಜ್ಞಾನಿ ಬಾರ್ಡೀನ್, 1957ರ ಸೂಪರ್‌ಕಂಡಕ್ಟಿವಿಟಿ ಸಿದ್ಧಾಂತ, ಇಲಿಯಾಕ್ ಕಂಪ್ಯೂಟರು, ಮೊಸಾಯಿಕ್ ಬ್ರೌಸರು ಅಂತ ಪಟ್ಟಿ ಒಪ್ಪಿಸ್ತಾರೆ. ಸರಿ, ಅವೆಲ್ಲ ದೊಡ್ಡವೇ. ಆದರೆ ನಮ್ಮ ರಾಜ್ಯದಲ್ಲಿ ಸಿವಿಲ್ ಓದಿದ ಪ್ರತಿಯೊಬ್ಬನ ನೋಟ್‌ಬುಕ್ಕಿನೊಳಗೆ ಕೂತಿರೋದು ಅದೇ ಊರಿನ ಬೇರೆ ನಾಲ್ಕು ಜನ: ಟ್ಯಾಲ್ಬಟ್, ವೆಸ್ಟರ್‌ಗಾರ್ಡ್, ಹಾರ್ಡಿ ಕ್ರಾಸ್, ನ್ಯೂಮಾರ್ಕ್. ಪರೀಕ್ಷೆಯಲ್ಲಿ 16 ಮಾರ್ಕಿಗೆ ಇವರನ್ನ ಬರೆದು ಬಂದ ಎಷ್ಟು ಮಂದಿಗೆ ಇವರೆಲ್ಲ ಒಂದೇ ಕಾಲೇಜಿನವರು ಅನ್ನೋದು ಗೊತ್ತು?

ಅಲ್ಲಿನ ಇಂಜಿನಿಯರಿಂಗ್ ಎಕ್ಸ್‌ಪೆರಿಮೆಂಟ್ ಸ್ಟೇಷನ್ ಶುರುವಾಗಿದ್ದು 1903ರಲ್ಲಿ. ಅಮೆರಿಕದ ಕೃಷಿ ಕಾಲೇಜುಗಳು ಗೊಬ್ಬರ, ಬಿತ್ತನೆ ಪರೀಕ್ಷೆ ಮಾಡಿ ಫಲಿತಾಂಶವನ್ನ ರೈತರಿಗೆ ಬುಲೆಟಿನ್ ಮಾಡಿ ಹಂಚುತ್ತಿದ್ದವಲ್ಲ, ಅದೇ ಪದ್ಧತಿ ಕಬ್ಬಿಣ-ಕಾಂಕ್ರೀಟಿಗೆ. ಮೊದಲ ಬುಲೆಟಿನ್ 1904ರದ್ದು, ಟ್ಯಾಲ್ಬಟ್ ಬರೆದಿದ್ದು, ಆರ್‌ಸಿಸಿ ಬೀಮುಗಳ ಪರೀಕ್ಷೆ ಕುರಿತು. ಬೀಮು ಎರಕ ಹೊಯ್ಯೋದು, ಕ್ಯೂರಿಂಗ್ ಮಾಡೋದು, ಮುರಿಯೋದು, ಬಿರುಕು ಎಲ್ಲಿ ಬಂತು ಅಂತ ಬರೆಯೋದು. ಮತ್ತೆ ಹೊಯ್ಯೋದು. ಇಷ್ಟೇ ಕೆಲಸ. ಮುಂದೆ 1929ರ ಹೊತ್ತಿಗೆ ಅಲ್ಲಿ 30 ಲಕ್ಷ ಪೌಂಡ್, ಅಂದರೆ ಸುಮಾರು 1,360 ಟನ್ ಒತ್ತುವ ಯಂತ್ರ ನಿಂತಿತು. ಪುಟ್ಟ ಮಾದರಿ ನೋಡಿ ಊಹೆ ಮಾಡೋ ಬದಲು, ಸೇತುವೆಗೆ ಹಾಕುವ ಅಳತೆಯ ತುಂಡನ್ನೇ ಒತ್ತಿ ನೋಡೋಣ ಅಂತ.

ನಮ್ಮಲ್ಲಿ? ಯಂತ್ರ ಇಲ್ಲ ಅನ್ನಬೇಡಿ. 2,000 ಕಿಲೋನ್ಯೂಟನ್ ಕಂಪ್ರೆಷನ್ ಯಂತ್ರ ಇಲ್ಲದ ಸಿವಿಲ್ ಲ್ಯಾಬ್ ಇಲ್ಲ. 150 ಮಿ.ಮೀ. ಕಾಂಕ್ರೀಟ್ ಕ್ಯೂಬಿಗೆ, ಕಾಂಕ್ರೀಟ್ ಪರೀಕ್ಷೆಯ ಭಾರತೀಯ ಮಾನಕ ಐಎಸ್ 516ರ ಪ್ರಕಾರ, ಭಾರ ಏರಬೇಕಾದದ್ದು ನಿಮಿಷಕ್ಕೆ ಚದರ ಸೆಂ.ಮೀ.ಗೆ 140 ಕೆ.ಜಿ. ಕ್ಯೂಬಿನ ಮುಖ 225 ಚ.ಸೆಂ.ಮೀ., ಅಂದರೆ ನಿಮಿಷಕ್ಕೆ 31.5 ಟನ್. ಎಂ25 ದರ್ಜೆಯ ಕ್ಯೂಬು ಒಡೆಯೋದು 70 ಟನ್ ಆಸುಪಾಸಲ್ಲಿ ಅಂದುಕೊಂಡರೆ ಎರಡು ನಿಮಿಷ ದಾಟಬೇಕು. ವಾಲ್ವು ಪೂರ್ತಿ ತಿರುಗಿಸಿ 40 ಸೆಕೆಂಡಿನಲ್ಲಿ ಪಟ್ ಅನ್ನಿಸಿದರೆ ಅಂಕಿ ಹೆಚ್ಚು ಬರುತ್ತೆ, ಎಲ್ಲರಿಗೂ ಖುಷಿ. ಎರಕದ ಮೇಲ್ಮುಖವನ್ನೇ ಪ್ಲೇಟಿಗೆ ಕೊಟ್ಟರೆ ಉಬ್ಬುತಗ್ಗಿನಿಂದ ಭಾರ ಒಂದೆಡೆ ಬಿದ್ದು ಅಂಕಿ ಕಡಿಮೆ ಬರುತ್ತೆ. ಪಕ್ಕದ ಮುಖ ಕೊಡಬೇಕು. ಇಷ್ಟನ್ನ ಸರಿಯಾಗಿ ಮಾಡದೆ, ಸೀನಿಯರ್ ರೆಕಾರ್ಡಿನಿಂದ ರೀಡಿಂಗ್ ಇಳಿಸಿ, ಆಮೇಲೆ ಹಾರುಬೂದಿ ಬೆರೆಸಿದ ಕಾಂಕ್ರೀಟಿನ ಬಗ್ಗೆ ಪೇಪರು! ಎಷ್ಟು ಪೇಪರು? ಮುಖಪುಟದಲ್ಲಿದೆ, ನೋಡಿಕೊಳ್ಳಿ.

ಹಾರ್ಡಿ ಕ್ರಾಸ್ ವಿಷಯ ಬಂದರೆ ನಾನು ಪಕ್ಷಪಾತಿ, ಒಪ್ಪಿಕೊಳ್ತೀನಿ. 1930ರಲ್ಲಿ ಆತ ಪ್ರಕಟಿಸಿದ ಮೊಮೆಂಟ್ ಡಿಸ್ಟ್ರಿಬ್ಯೂಷನ್ (ಒಂದಕ್ಕೊಂದು ಜೋಡಿಸಿದ ಬೀಮು-ಕಂಬಗಳಲ್ಲಿ ಬಾಗಿಸುವ ಪರಿಣಾಮವನ್ನ, ಅಂದರೆ ಮೊಮೆಂಟನ್ನ, ಹಂಚುತ್ತಾ ಲೆಕ್ಕ ಹಾಕೋ ವಿಧಾನ) ಲೇಖನ 10 ಪುಟ. ಅದರ ಮೇಲೆ ಬಂದ ಚರ್ಚೆ ನೂರು ಪುಟ ದಾಟಿತು. ಉದಾಹರಣೆಗೆ, ಒಂದು ಬೀಮಿಗೆ 4 ಮೀ. ಮತ್ತು 6 ಮೀ.ನ ಎರಡು ಸ್ಪ್ಯಾನು, ಇಐ (ವಸ್ತು ಮತ್ತು ಅಡ್ಡಕೊಯ್ತದಿಂದ ಬರುವ ಬಾಗು-ಬಿಗಿತ) ಒಂದೇ, ಹೊರತುದಿಗಳು ಫಿಕ್ಸೆಡ್, ಅಂದರೆ ತಿರುಗದಂತೆ ಬಿಗಿದದ್ದು. ನಡುವಿನ ಜಾಯಿಂಟಿನಲ್ಲಿ ಸಮತೋಲವಾಗದ ಮೊಮೆಂಟು 10 ಉಳಿದಿದೆ ಅನ್ನಿ. ಬಿಗಿತ 1/4ಕ್ಕೆ 1/6, ಹಂಚಿಕೆ 0.6 ಮತ್ತು 0.4. ವಿರುದ್ಧ ಚಿಹ್ನೆ ಹಾಕಿ 6 ಈ ಕಡೆ, 4 ಆ ಕಡೆ, ಅವುಗಳ ಅರ್ಧ ಅಂದರೆ 3 ಮತ್ತು 2 ಆಚೆ ತುದಿಗಳಿಗೆ (ಇದೇ ಕ್ಯಾರಿ ಓವರ್). ಮುಗೀತು. ಜಾಯಿಂಟು ಹೆಚ್ಚಿದ್ದರೆ ಮೂರ್ನಾಲ್ಕು ಸುತ್ತು. ಹುಡುಗರು ಎಡವೋದು ಎರಡೇ ಕಡೆ: ತುದಿ ಹಿಂಜ್ (ಸಲೀಸಾಗಿ ತಿರುಗುವಂಥದ್ದು) ಇದ್ದರೂ ಬಿಗಿತವನ್ನ ಮುಕ್ಕಾಲು ಮಾಡೋದನ್ನ ಮರೀತಾರೆ, ಇಲ್ಲಾ ಕ್ಯಾರಿ ಓವರ್ ಮಾಡಿ ಅಲ್ಲೇ ಕೂಡಿಬಿಡ್ತಾರೆ. ಬ್ಯಾಲೆನ್ಸ್ ಮಾಡಿದ ಮೇಲಷ್ಟೇ ನಿಲ್ಲಿಸಬೇಕು. ಇದಕ್ಕೆ ಬೇಕಾದ ಉಪಕರಣ ಪೆನ್ಸಿಲ್ಲು. 1936ರ 286ನೇ ಬುಲೆಟಿನ್‌ನಲ್ಲಿ ಕ್ರಾಸ್ ಇದೇ ತಿದ್ದುತ್ತಾ ಹೋಗುವ ಉಪಾಯವನ್ನ ನೀರಿನ ಪೈಪುಗಳ ಜಾಲಕ್ಕೂ ತಂದರು. 1942ರ 338ನೇ ಬುಲೆಟಿನ್‌ನಲ್ಲಿ ಅವರ ಶಿಷ್ಯ ನ್ಯೂಮಾರ್ಕ್ ಅಡಿಪಾಯದ ಕೆಳಗಿನ ಒತ್ತಡ ಎಣಿಸುವ ಚಾರ್ಟು ಕೊಟ್ಟರು.

ಈಗ ವೆಸ್ಟರ್‌ಗಾರ್ಡ್. ಇದು ಬೆಂಗಳೂರಿಗೇ ತಗುಲಿದ್ದು, ಸ್ವಲ್ಪ ತಾಳ್ಮೆ ಇರಲಿ.

ಕಾಂಕ್ರೀಟ್ ರಸ್ತೆಯ ಚಪ್ಪಡಿ ಮೇಲೆ ಗಾಲಿ ನಡುವೆ ನಿಂತಾಗ, ಅಂಚಿನಲ್ಲಿ ನಿಂತಾಗ, ಮೂಲೆಯಲ್ಲಿ ನಿಂತಾಗ ಸ್ಟ್ರೆಸ್ (ಕಾಂಕ್ರೀಟಿನೊಳಗೆ ಹುಟ್ಟುವ ಬಿಗುವು) ಬೇರೆ ಬೇರೆ ಅಂತ 1926ರಲ್ಲಿ ಲೆಕ್ಕ ಹಾಕಿ ಕೊಟ್ಟವರು ಇವರು. ನಮ್ಮ ಐಆರ್‌ಸಿ 58ರ (ಕಾಂಕ್ರೀಟ್ ರಸ್ತೆ ವಿನ್ಯಾಸಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸಂಹಿತೆ) ಹಳೆಯ ಆವೃತ್ತಿಗಳು ನಿಂತಿದ್ದು ಆ ಸಮೀಕರಣಗಳ ಮೇಲೇ. 20 ಸೆಂ.ಮೀ. ಚಪ್ಪಡಿ, 5,100 ಕೆ.ಜಿ. ಗಾಲಿಭಾರ, 15 ಸೆಂ.ಮೀ. ತ್ರಿಜ್ಯದ ಸ್ಪರ್ಶ, ಕಾಂಕ್ರೀಟಿನ ಇ-ಮೌಲ್ಯ (ಹಿಗ್ಗು-ಕುಗ್ಗಿಗೆ ಒಡ್ಡುವ ಬಿಗಿತ) 3 ಲಕ್ಷ ಕೆ.ಜಿ./ಚ.ಸೆಂ.ಮೀ., ಪಾಯ್ಸನ್ ಅನುಪಾತ (ಉದ್ದಕ್ಕೆ ಎಳೆದಾಗ ಅಡ್ಡಕ್ಕೆ ಕುಗ್ಗುವ ಪ್ರಮಾಣ) 0.15, ನೆಲದ ಕೆ-ಮೌಲ್ಯ (ಒತ್ತಿದಾಗ ನೆಲ ತೋರುವ ಗಟ್ಟಿತನ) 8 ಕೆ.ಜಿ./ಘನ ಸೆಂ.ಮೀ. ಹಾಕಿ ನೋಡಿ. ನಡುವೆ 15.6, ಮೂಲೆಯಲ್ಲಿ 19.7, ಅಂಚಿನಲ್ಲಿ 23.1 ಕೆ.ಜಿ./ಚ.ಸೆಂ.ಮೀ. ಈಗ ಯಾರೋ ಬಂದು ಚಪ್ಪಡಿಯ ನಡುವೆಯೇ ಕೇಬಲ್‌ಗೆ ಕಾಲುವೆ ಕೊರೆದರು. ನಿನ್ನೆ ‘ನಡುವೆ’ ಇದ್ದ ಜಾಗ ಇವತ್ತು ‘ಅಂಚು’. ಅದೇ ಬಸ್ಸು, ಅದೇ ಗಾಲಿ, ಸ್ಟ್ರೆಸ್ ಒಂದೂವರೆ ಪಟ್ಟು. ಎಂ40 ಕಾಂಕ್ರೀಟಿನ ಬಾಗುಶಕ್ತಿ ಸುಮಾರು 45. ಸ್ಟ್ರೆಸ್ಸಿಗೂ ಈ ಶಕ್ತಿಗೂ ಇರುವ ಅನುಪಾತ 0.35 ಇದ್ದದ್ದು 0.51ಕ್ಕೆ ಏರಿತು. ಐಆರ್‌ಸಿ ಫೆಟೀಗ್ (ಮತ್ತೆ ಮತ್ತೆ ಭಾರ ಬಿದ್ದು ದಣಿಯುವ) ಲೆಕ್ಕದಲ್ಲಿ 0.45ಕ್ಕಿಂತ ಕಡಿಮೆ ಇದ್ದರೆ ಗಾಲಿ ಎಷ್ಟು ಸಲ ಹೋದರೂ ಚಿಂತೆಯಿಲ್ಲ, 0.51 ಆದರೆ ನಾಲ್ಕೂವರೆ-ಐದು ಲಕ್ಷ ಸಲಕ್ಕೆ ಆಯುಷ್ಯ ಮುಗೀತು. ಬಿಸಿಲಿನ ವಾರ್ಪಿಂಗ್, ಅಂದರೆ ಮೇಲೆ-ಕೆಳಗಿನ ಬಿಸಿಯ ವ್ಯತ್ಯಾಸಕ್ಕೆ ಚಪ್ಪಡಿ ಸೊಟ್ಟಗಾಗೋದು, ಇನ್ನೂ ಸೇರಿಸಿಲ್ಲ. (ಹಳೇ ಡಾಂಬರಿನ ಮೇಲೆ ಹಾಕುವ ತೆಳು ಕಾಂಕ್ರೀಟು, ಅಂದರೆ ತೆಳು ವೈಟ್ ಟಾಪಿಂಗ್, ಕೆಳಗಿನ ಡಾಂಬರಿಗೆ ಅಂಟಿಕೊಂಡು ಕೆಲಸ ಮಾಡುತ್ತೆ, ಅದರ ಲೆಕ್ಕ ಬೇರೆ. ಕಾಮೆಂಟಿನಲ್ಲಿ ಜಗಳಕ್ಕೆ ಬರಬೇಡಿ.)

ಕೊರೆದ ಕಾಲುವೆಗೆ ಮಣ್ಣು ತುಂಬಿ, ಮೇಲೆ ಕಾಂಕ್ರೀಟು ಸುರಿದು ಮಟ್ಟ ಮಾಡಿದರೆ ಕಣ್ಣಿಗೆ ಸರಿಯಾಯ್ತು, ಅಷ್ಟೇ. ಎರಡನ್ನೂ ಜೋಡಿಸುವ ಕಬ್ಬಿಣದ ಸರಳು (ಟೈ ಬಾರು, ಡೋವೆಲ್ ಬಾರು) ಕೂರಿಸದಿದ್ದರೆ ತೇಪೆಗೂ ಹಳೆ ಚಪ್ಪಡಿಗೂ ಸಂಬಂಧವೇ ಇರಲ್ಲ, ಗಾಲಿಭಾರ ಆಚೆ ದಾಟಲ್ಲ. ಕೆಳಗಿನ ಮಣ್ಣನ್ನ 15 ಸೆಂ.ಮೀ. ಪದರ ಪದರವಾಗಿ ದಮ್ಮಸ್ಸು ಮಾಡದಿದ್ದರೆ ಮಳೆಗಾಲ ಮುಗಿಯೋಷ್ಟರಲ್ಲಿ ತೇಪೆ ಕೂತುಬಿಡುತ್ತೆ.

ಇಡೀ ನಗರವೇ ಪುಕ್ಕಟೆ ಪ್ರಯೋಗಶಾಲೆಯಾಗಿ ಬಿದ್ದಿದೆ ಸ್ವಾಮಿ. ಒಂದು ಬೆಂಕೆಲ್‌ಮನ್ ಬೀಮು (ಗಾಲಿಭಾರಕ್ಕೆ ರಸ್ತೆ ಎಷ್ಟು ತಗ್ಗುತ್ತೆ ಅಂತ ಅಳೆಯೋ ಸಾಧನ), ಭಾರ ತೂಗಿದ ಒಂದು ಲಾರಿ, ಬಿರುಕಿನ ಅಗಲ ನೋಡುವ ಪಾರದರ್ಶಕ ಕಾರ್ಡು. ತೇಪೆಯ ಎರಡೂ ಕಡೆ ತಗ್ಗು ಅಳೆದು, ಮೂರು ತಿಂಗಳಿಗೊಮ್ಮೆ ಅದೇ ಜಾಗಕ್ಕೆ ಹೋಗಿ, ಎರಡು ವರ್ಷ ಬರೆದಿಟ್ಟರೆ ಅದೇ ಬುಲೆಟಿನ್ ನಂಬರ್ 1. ಅಳೆಯೋದು ನಸುಕಿನಲ್ಲೇ ಆಗಬೇಕು. ಮಧ್ಯಾಹ್ನ ಚಪ್ಪಡಿ ಹಿಗ್ಗಿ ಜಾಯಿಂಟು ಬಿಗಿಯಾಗಿ ಎಲ್ಲವೂ ಚೆನ್ನಾಗಿದೆ ಅನ್ನಿಸಿಬಿಡುತ್ತೆ. ಎಷ್ಟು ಕಾಲೇಜಿನ ಅಂತಿಮ ವರ್ಷದ ಪ್ರಾಜೆಕ್ಟು ಇಂಥದ್ದು? ಹುಡುಗರೆಲ್ಲ ಎಲ್ಲೋ ಕೊಂಡುತಂದ ಮಾಡೆಲ್ಲಿಗೆ ಎಲ್‌ಇಡಿ ಹಚ್ಚಿಕೊಂಡು ಕೂತಿದ್ದಾರೆ.

‘ಅವರಿಗೆ ದುಡ್ಡಿತ್ತು, ನಮಗೆಲ್ಲಿ’ ಅಂತ ಒಬ್ಬರು ಬಂದೇ ಬರ್ತಾರೆ. ಹೌದು, 30 ಲಕ್ಷ ಪೌಂಡಿನ ಯಂತ್ರಕ್ಕೆ ದುಡ್ಡು ಬೇಕು. ಪೆನ್ಸಿಲ್ಲಿಗೆ? ಆ ಮುಖಪುಟದ ಜಾಹೀರಾತಿನ ಬಿಲ್ಲಿನಲ್ಲಿ ಎಷ್ಟು ಡಯಲ್ ಗೇಜು (ಸಣ್ಣ ಚಲನೆ ಅಳೆಯೋ ಗಡಿಯಾರದಂಥ ಉಪಕರಣ) ಬರುತ್ತೆ ಅಂತ ಯಾರಾದರೂ ಭಾಗಿಸಿ ಹೇಳಿ. ‘ಸಂಶೋಧನೆಗೆ ಐಐಎಸ್‌ಸಿ ಇದೆಯಲ್ಲ’ ಅನ್ನೋ ಇನ್ನೊಂದು ವಾದಕ್ಕೆ ನಾನು ಉತ್ತರ ಕೊಡಲ್ಲ. ಪಾಠದ ಹೊರೆ ವಿಷಯದಲ್ಲಿ ಮಾತ್ರ ಮೇಷ್ಟ್ರುಗಳ ಪರ ನಾನಿದ್ದೀನಿ: ಪಾಠ, ವ್ಯಾಲ್ಯುಯೇಷನ್ನು, ಮಾನ್ಯತೆ ಸಮಿತಿಯ ಫೈಲು, ಇದರ ಮಧ್ಯೆ ನಸುಕಿನಲ್ಲಿ ರಸ್ತೆಗೆ ಹೋಗು ಅಂದರೆ ಯಾರು ಹೋಗ್ತಾರೆ. ಆದರೆ ಅದೇ ಮೇಷ್ಟ್ರಿಗೆ ವರ್ಷಕ್ಕೆ ಇಷ್ಟು ಪೇಪರು ಬೇಕೇ ಬೇಕು ಅನ್ನೋರೂ ಇದೇ ಜಾಹೀರಾತಿನವರು.

ಇಲಿನಾಯ್‌ನ ಆ ಹಳೇ ಬುಲೆಟಿನ್‌ಗಳು ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಇವತ್ತೂ ಪುಕ್ಕಟೆ ಸಿಗುತ್ತವೆ. 286ನ್ನ ಇಳಿಸಿಕೊಂಡು ಪೈಪಿನ ಲೆಕ್ಕ ಒಂದು ಮಾಡಿ ನೋಡಿ.

ಅಂದಹಾಗೆ, ಆ ಫ್ಲಾಸ್ಕಿನಲ್ಲಿದ್ದದ್ದು ಬಹುಶಃ ಮೈಲುತುತ್ತ.