ರಗ್ಗಿನೊಳಗಿನ ದ್ವೀಪ

ಬಚ್ಚಲುಮನೆಯ ಗೂಡಿನಲ್ಲಿರುವ ತೆಂಗಿನೆಣ್ಣೆಯ ಬಾಟಲಿಯೇ ನಮ್ಮ ಮನೆಯ ಹವಾಮಾನ ಇಲಾಖೆ. ಉಷ್ಣಾಂಶ 24 ಡಿಗ್ರಿಗಿಂತ ಕೆಳಗಿಳಿಯಿತೆಂದರೆ ಎಣ್ಣೆ ಮೊದಲು ಮಬ್ಬಾಗುತ್ತದೆ. ಆಮೇಲೆ ಅಂಚಿನಿಂದ ಬೆಳ್ಳಗೆ ಹೆಪ್ಪುಗಟ್ಟುತ್ತಾ ಬಂದು, ಕೆಲವು ದಿನ ನಡುವಿನಲ್ಲಿ ಮಾತ್ರ ಒಂದಿಷ್ಟು ಅಲುಗಾಡಿ, ಕೊನೆಗೊಂದು ಬೆಳಿಗ್ಗೆ ಬಾಟಲಿಯನ್ನು ತಲೆಕೆಳಗು ಮಾಡಿ ಕುಟ್ಟಿದರೂ ಜಗ್ಗದ ಕಲ್ಲಾಗಿ ಕೂತಿರುತ್ತದೆ. ಈ ಸಲ ಅದು ಕಲ್ಲಾದ ದಿನ ನಾನು ಎರಡು ಸ್ವೆಟರು, ಎರಡು ಜೊತೆ ಕಾಲುಚೀಲ ಹಾಕಿಕೊಂಡು ಬಿಸಿನೀರಿನ ಮಗ್ಗಿನೊಳಗೆ ಬಾಟಲಿಯನ್ನು ನಿಲ್ಲಿಸುತ್ತಿದ್ದೆ. ಆಗ ಹೊಳೆಯಿತು: ತೆಂಗು ಬಿಸಿಲುನಾಡಿನ ಕಡಲತೀರದ ಮರ. ಪಾಪ, ನನ್ನಂತೆಯೇ ಈ ಎಣ್ಣೆಗೂ ಇಲ್ಲಿರುವುದು ಇಷ್ಟವಿಲ್ಲ. ಎಣ್ಣೆ ಕರಗಲು ಐದು ನಿಮಿಷವಾದರೂ ಬೇಕು. ಅಷ್ಟು ಹೊತ್ತು ತಣ್ಣನೆಯ ನೆಲದ ಮೇಲೆ ಒಂಟಿಕಾಲಿನ ತಪಸ್ಸು ಮಾಡುವ ಬದಲು ಮತ್ತೆ ರಗ್ಗಿನೊಳಗೆ ಹೊಕ್ಕು ಕಣ್ಣು ಮುಚ್ಚಿದೆ. ದ್ವೀಪ ಕಾಣಿಸಿತು.

ದ್ವೀಪ ಹೇಗಿರಬೇಕೆಂದು ಯಾರೂ ಯಾರಿಗೂ ಕಲಿಸಿದ್ದಲ್ಲ. ಜನ್ಮದಲ್ಲಿ ಸಮುದ್ರ ನೋಡದವನನ್ನು ಕೇಳಿದರೂ ಅದೇ ಚಿತ್ರ ಬಿಡಿಸುತ್ತಾನೆ. ನೀರಿನ ಕಡೆಗೆ ಬಾಗಿದ ಒಂದು ತೆಂಗಿನಮರ, ಅದಕ್ಕೆ ಕಟ್ಟಿದ ತೂಗುಮಂಚ, ಬಿಳಿ ಮರಳು, ಹಸಿರೋ ನೀಲಿಯೋ ತೀರ್ಮಾನವಾಗದ ನೀರು. ಮರ ನೆಟ್ಟಗಿರುವ ದ್ವೀಪವನ್ನು ಯಾರೂ ಕನಸು ಕಂಡಂತಿಲ್ಲ. ಅಲ್ಲಿ ಬಟ್ಟೆ ಒಗೆಯುವವರಿಲ್ಲ, ಬಿಲ್ಲು ಕಟ್ಟುವವರಿಲ್ಲ, ಹಲ್ಲುನೋವು ಬಂದರೆ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯೂ ಇಲ್ಲ. ನನ್ನ ದ್ವೀಪದಲ್ಲಿ ನಾನು ಹತ್ತು ಕಿಲೋ ತೆಳ್ಳಗಿದ್ದೇನೆ. ತೂಗುಮಂಚವನ್ನು ಹತ್ತುವುದು ಹೇಗೆ ಎಂಬುದು ಮಾತ್ರ ಇನ್ನೂ ತಿಳಿದಿಲ್ಲ. ಕನಸು ಯಾವಾಗಲೂ ನಾನು ಅದರಲ್ಲಿ ಮಲಗಿದ ಮೇಲೆಯೇ ಶುರುವಾಗುತ್ತದೆ.

ಆ ಬಿಳಿ ಮರಳಿನ ಗುಟ್ಟನ್ನು ಎಲ್ಲೋ ಓದಿದ ದಿನ ಸ್ವಲ್ಪ ಇರಿಸುಮುರಿಸಾಗಿತ್ತು. ಹವಳದ ದ್ವೀಪಗಳಲ್ಲಿ ಅದರ ಬಹುಪಾಲು ಗಿಳಿಮೀನಿನ ಕೊಡುಗೆಯಂತೆ. ಗಿಳಿಯ ಕೊಕ್ಕಿನಂಥ ಬಾಯಿಂದ ಅದು ಹವಳದ ಬಂಡೆಯನ್ನು ಕೆರೆದು ತಿಂದು, ಪಾಚಿಯನ್ನು ಅರಗಿಸಿಕೊಂಡು, ಉಳಿದ ಸುಣ್ಣವನ್ನು ಮರಳಾಗಿ ಹಿಂದಿನಿಂದ ಬಿಡುತ್ತದೆ. ದೊಡ್ಡ ಮೀನೊಂದು ವರ್ಷಕ್ಕೆ ನೂರಾರು ಕಿಲೋ ಬಿಡಬಲ್ಲದು. ನಾನು ಬರಿಗಾಲಲ್ಲಿ ನಡೆಯಬೇಕೆಂದು ಹಂಬಲಿಸುವುದು ಯಾವುದರ ಮೇಲೆ ಎಂದು ಈಗ ಗೊತ್ತು. ಹಂಬಲವೇನೂ ಕಡಿಮೆಯಾಗಿಲ್ಲ.

ಇಷ್ಟಕ್ಕೂ ಚಳಿಗಾಲ ಇರುವುದೇ ಭೂಮಿ ನೆಟ್ಟಗೆ ನಿಲ್ಲಲಾರದೆ 23.4 ಡಿಗ್ರಿ ವಾಲಿಕೊಂಡಿರುವುದರಿಂದ. ವಾಲಿದ ತಪ್ಪಿಗೆ ಅರ್ಧ ವರ್ಷ ಒಂದು ಗೋಳಾರ್ಧ ನಡುಗಬೇಕು, ಇನ್ನರ್ಧ ವರ್ಷ ಇನ್ನೊಂದು. ನಡುವಿನ ಪಟ್ಟಿಯಲ್ಲಿರುವವರಿಗೆ, ಅಂದರೆ ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವೆ ಹುಟ್ಟಿದ ಪುಣ್ಯವಂತರಿಗೆ, ಸೂರ್ಯ ವರ್ಷಕ್ಕೆರಡು ಸಲ ನೆತ್ತಿಯ ಮೇಲೆಯೇ ಬರುತ್ತಾನೆ. ಸಮಭಾಜಕ ವೃತ್ತದ ಹತ್ತಿರವಂತೂ ಹಗಲು ವರ್ಷವಿಡೀ ಸುಮಾರು ಹನ್ನೆರಡು ಗಂಟೆ.

ನನ್ನ ಚಳಿ ದೊಡ್ಡ ಚಳಿಯೇನಲ್ಲ, ಒಪ್ಪಿಕೊಳ್ಳುತ್ತೇನೆ. ಸೈಬೀರಿಯಾದ ಒಯ್ಮ್ಯಾಕೋನ್ ಎಂಬ ಹಳ್ಳಿಯಲ್ಲಿ 1933ರಲ್ಲಿ ಸೊನ್ನೆಗಿಂತ 67.7 ಡಿಗ್ರಿ ಕೆಳಗೆ ದಾಖಲಾಗಿದೆ. ಅಲ್ಲಿಯವರ ಮುಂದೆ ನಾನು ತೆಂಗಿನೆಣ್ಣೆಯ ದುಃಖ ಹೇಳಿಕೊಂಡರೆ ನಕ್ಕಾರು. ನಾರ್ವೆಯ ಟ್ರೋಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಆದರೆ ಚಳಿಗೆ ಅಳತೆಪಟ್ಟಿ ಹಿಡಿದರೆ ನ್ಯಾಯ ಸಿಗುವುದಿಲ್ಲ. ಬೆಳಿಗ್ಗೆ ಆರಕ್ಕೆ ರಗ್ಗಿನಿಂದ ಮೂಗು ಹೊರಗಿಟ್ಟು ಒಳಗೆಳೆದುಕೊಂಡವನಿಗೆ ಅದೇ ಸೈಬೀರಿಯಾ. ಹಾಸಿಗೆಯಲ್ಲಿ ರಾತ್ರಿಯೆಲ್ಲ ಮೈ ಕೊಟ್ಟು ಕಾಯಿಸಿದ, ಸರಿಯಾಗಿ ನನ್ನಷ್ಟೇ ಉದ್ದ, ನನ್ನಷ್ಟೇ ಅಗಲದ ಒಂದು ಬೆಚ್ಚಗಿನ ಜಾಗವಿದೆ. ನಿದ್ದೆಗಣ್ಣಲ್ಲಿ ಕಾಲು ಅದರ ಗಡಿ ದಾಟಿತೋ, ತಣ್ಣನೆಯ ಹಾಸು ತಟ್ಟನೆ ಮುಟ್ಟಿ ಎಚ್ಚರಿಸುತ್ತದೆ. ಸುತ್ತಲೂ ಅದೇ ತಣ್ಣನೆ, ನಾಲ್ಕು ದಿಕ್ಕಿನಲ್ಲೂ.

ದ್ವೀಪಕ್ಕೆ ಹೋಗಲಾಗದವರು ಸೂರ್ಯನನ್ನೇ ಮನೆಗೆ ಕರೆಸಿಕೊಂಡ ಕತೆ ನನಗೆ ಬಹಳ ಇಷ್ಟ. ನಾರ್ವೆಯಲ್ಲಿ ರ್ಯೂಕನ್ ಎಂಬ ಊರು ಕಡಿದಾದ ಕಣಿವೆಯ ತಳದಲ್ಲಿದೆ. ವರ್ಷದಲ್ಲಿ ಸುಮಾರು ಆರು ತಿಂಗಳು ಬೆಟ್ಟಗಳು ಬಿಸಿಲನ್ನು ತಡೆದುಬಿಡುತ್ತವೆ. ಮೇಲೆ ನೋಡಿದರೆ ಶಿಖರದ ತುದಿಯಲ್ಲಿ ಬಂಗಾರದಂಥ ಬಿಸಿಲು, ಕೆಳಗೆ ಬೂದು ನೆರಳು. ಮಿಠಾಯಿಯನ್ನು ಎತ್ತರದ ಕಪಾಟಿನಲ್ಲಿಟ್ಟು ಮಗುವಿಗೆ ತೋರಿಸಿದ ಹಾಗೆ. 1928ರಲ್ಲಿ ಜನ ಮೇಲೆ ಹೋಗಿ ಬಿಸಿಲು ಕಾಯಿಸಿಕೊಂಡು ಬರಲೆಂದು ರೋಪ್‌ವೇ ಹಾಕಿದರು. 2013ರಲ್ಲಿ ಇನ್ನೂ ಮುಂದೆ ಹೋಗಿ, ಬೆಟ್ಟದ ಪಕ್ಕೆಯಲ್ಲಿ ಮೂರು ದೊಡ್ಡ ಕನ್ನಡಿಗಳನ್ನು ನಿಲ್ಲಿಸಿದರು. ಕಂಪ್ಯೂಟರಿನ ಅಪ್ಪಣೆಯಂತೆ ಅವು ಸೂರ್ಯನನ್ನು ಹಿಂಬಾಲಿಸುತ್ತಾ ತಿರುಗಿ, ಊರ ನಡುವಿನ ಚೌಕಕ್ಕೆ ಬೆಳಕು ಬೀರುತ್ತವೆ. ಇಡೀ ಊರಿಗಲ್ಲ, ಚೌಕದ ಒಂದು ತುಂಡಿಗೆ. ಕತ್ತಲೆಯ ಕಡಲಿನಲ್ಲಿ ಅಷ್ಟಗಲ ಬಿಸಿಲು! ಜನ ಬಂದು ಅದರೊಳಗೆ ಮುಖವೊಡ್ಡಿ ನಿಲ್ಲುತ್ತಾರೆ. ನನಗಾದರೆ ಆ ತುಂಡಿನ ಅಂಚಿನಲ್ಲಿ ಜಗಳ ನಡೆಯದಿರುವುದೇ ಆಶ್ಚರ್ಯ.

ಹೋಗಿಯೇ ಬಿಟ್ಟವರೂ ಇದ್ದಾರೆ. ಅವರಲ್ಲಿ ಎಲ್ಲರಿಗಿಂತ ಹಟಮಾರಿ ಆಗಸ್ಟ್ ಎಂಗಲ್‌ಹಾರ್ಟ್ ಎಂಬ ಜರ್ಮನ್. 1902ರಲ್ಲಿ ಇಂದಿನ ಪಪುವಾ ನ್ಯೂಗಿನಿಗೆ ಸೇರಿದ ಕಬಕೋನ್ ಎಂಬ ಪುಟ್ಟ ದ್ವೀಪವನ್ನು ಕೊಂಡು, ಬಟ್ಟೆಗೆ ವಿದಾಯ ಹೇಳಿ, ತೆಂಗಿನಕಾಯಿಯನ್ನಷ್ಟೇ ತಿಂದು ಬದುಕತೊಡಗಿದ. ಆತನ ತರ್ಕ ಸರಳ: ಮರದ ತುದಿಯಲ್ಲಿ ಸೂರ್ಯನಿಗೆ ಅತಿ ಹತ್ತಿರ ಬೆಳೆಯುವ ಕಾಯಿ ಅದು, ಆದ್ದರಿಂದ ದೇವರಿಗೂ ಹತ್ತಿರ. ಯುರೋಪಿನ ಚಳಿಯಿಂದ ಕೆಲವು ಶಿಷ್ಯರೂ ಬಂದು ಸೇರಿದರು. ಬಂದವರು ಕಾಯಿಲೆ ಬಿದ್ದರು, ಕೆಲವರು ಸತ್ತರು, ಉಳಿದವರು ಹಡಗು ಹಿಡಿದರು. ಎಂಗಲ್‌ಹಾರ್ಟ್ ಎಲುಬಿನ ಹಂದರವಾಗಿ 1919ರವರೆಗೆ ಬದುಕಿದ. ನನ್ನ ಬಾಟಲಿಯಲ್ಲಿರುವುದು ಆ ದೇವರ ಎಣ್ಣೆಯೇ ಎಂದುಕೊಂಡರೆ ಸ್ವಲ್ಪ ಭಯವಾಗುತ್ತದೆ.

ಮನಸ್ಸಿನಲ್ಲಿ ಉಳಿಯುವವರು ಬೇರೆ ಇಬ್ಬರು. ಚಿತ್ರಕಾರ ಪಾಲ್ ಗೋಗ್ಯಾಂ 1891ರಲ್ಲಿ ಫ್ರಾನ್ಸ್ ಬಿಟ್ಟು ತಾಹಿತಿಗೆ ಹಡಗು ಹತ್ತಿದ. ನಾಗರಿಕತೆ ಮುಟ್ಟದ ಬೆಚ್ಚಗಿನ ದ್ವೀಪವನ್ನು ಹುಡುಕಿ ಹೋದವನಿಗೆ ಅಲ್ಲಿ ಮೊದಲು ಸಿಕ್ಕವರು ಫ್ರೆಂಚ್ ಅಧಿಕಾರಿಗಳು ಮತ್ತು ಪಾದ್ರಿಗಳು. ಆತ ಅಲ್ಲಿ ನಡೆದುಕೊಂಡ ರೀತಿ ಮೆಚ್ಚುವಂಥದ್ದಲ್ಲ; ಬಣ್ಣಗಳನ್ನು ಮೆಚ್ಚದಿರುವುದು ಕಷ್ಟ. ಇನ್ನೂ ದೂರದ ಹಿವಾ ಓವಾ ದ್ವೀಪದಲ್ಲಿ 1903ರಲ್ಲಿ ತೀರಿಕೊಂಡಾಗ ಅವನ ಮನೆಯಲ್ಲಿ ಸಿಕ್ಕ ಚಿತ್ರಗಳಲ್ಲಿ ಒಂದು ಎಲ್ಲರನ್ನೂ ತಬ್ಬಿಬ್ಬು ಮಾಡಿತು. ಅದು ಫ್ರಾನ್ಸಿನ ಬ್ರಿಟನಿಯ ಹಳ್ಳಿ. ಮಾಡುಗಳ ಮೇಲೆ ದಪ್ಪಗೆ ಹಿಮ, ಬೋಳು ಮರಗಳು, ಬೂದುಬಣ್ಣದ ಆಕಾಶ. ಹರಾಜು ಹಾಕುವವನಿಗೆ ಅದರ ತಲೆಬುಡ ತಿಳಿಯದೆ ತಲೆಕೆಳಗಾಗಿ ಹಿಡಿದು ನಯಾಗರ ಜಲಪಾತವೆಂದು ಕೂಗಿದನಂತೆ. ಹೊರಗೆ ಬೆವರಿಳಿಯುವ ಸೆಕೆ, ಒಳಗೆ ಗೋಡೆಗೊರಗಿಸಿಟ್ಟ ಹಿಮ!

ಇನ್ನೊಬ್ಬ ಸ್ಕಾಟ್ಲೆಂಡಿನ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್. ಚಿಕ್ಕಂದಿನಿಂದಲೂ ಎದೆಯ ಕಾಯಿಲೆ, ಎಡಿನ್‌ಬರೋದ ಥಂಡಿ ಹವೆ ಬೇರೆ. 1890ರಲ್ಲಿ ಸಮೋವಾದಲ್ಲಿ ಜಾಗ ಕೊಂಡು ಮನೆ ಕಟ್ಟಿಸಿದ. ಆ ಮನೆಯಲ್ಲಿ, ವರ್ಷವಿಡೀ ಸೆಕೆಯಿರುವ ಊರಿನಲ್ಲಿ, ಅಗ್ಗಿಷ್ಟಿಕೆಯೊಂದನ್ನು ಕಟ್ಟಿಸಿದ. ಸ್ಥಳೀಯ ಮೇಸ್ತ್ರಿಗಳು ಇದೇನೆಂದು ಕೇಳಿದ್ದರೆ ಏನು ಹೇಳಿರಬಹುದೆಂದು ಊಹಿಸುತ್ತಾ ಎಷ್ಟೋ ಸಲ ನಕ್ಕಿದ್ದೇನೆ. ಎದುರಿಗೆ ತಾಳೆ, ಬಾಳೆ, ನೀಲಿ ಕಡಲು. ಅವನು ಬರೆಯುತ್ತಿದ್ದದ್ದು ಸ್ಕಾಟ್ಲೆಂಡಿನ ಕತೆ. 1894ರ ಡಿಸೆಂಬರಿನಲ್ಲಿ, 44ನೆಯ ವಯಸ್ಸಿಗೆ, ಸಾಯುವ ದಿನದ ಬೆಳಿಗ್ಗೆಯೂ ಅದನ್ನೇ ಬರೆಯುತ್ತಿದ್ದ.

ದೂರದ ಬೆಟ್ಟ ನುಣ್ಣಗೆ ಎಂದ ಹಿರಿಯರು ದೂರದ ದ್ವೀಪದ ಬಗ್ಗೆ ಏನೂ ಹೇಳಿಟ್ಟಿಲ್ಲ. ಆದ್ದರಿಂದ ಲೆಕ್ಕ ನಾವೇ ಹಾಕಬೇಕು. ಉಪ್ಪುಗಾಳಿಗೆ ಬೀಗ ತುಕ್ಕು ಹಿಡಿಯುತ್ತದೆ, ತೇವಕ್ಕೆ ಚಪ್ಪಲಿಗೆ ಬೂಷ್ಟು ಬರುತ್ತದೆ, ಸೊಳ್ಳೆಗಳಿಗೆ ಚಳಿಗಾಲದ ರಜೆ ಇಲ್ಲ. ನೀರಿನ ವಿಷಯವಂತೂ ವಿಚಿತ್ರ. 2014ರ ಡಿಸೆಂಬರಿನಲ್ಲಿ ಮಾಲ್ದೀವ್ಸ್ ರಾಜಧಾನಿ ಮಾಲೆಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕಕ್ಕೆ ಬೆಂಕಿ ಬಿದ್ದು, ನಾಲ್ಕೂ ಕಡೆ ನೀರೇ ಇರುವ ಊರಿಗೆ ಕುಡಿಯುವ ನೀರು ಭಾರತದಿಂದ ವಿಮಾನದಲ್ಲಿ ಹೋಗಬೇಕಾಯಿತು. ಇದೆಲ್ಲವನ್ನೂ ಸಹಿಸಬಹುದೇನೋ. ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿದ್ದು ಸಿಂಗಪುರದ ಉಷ್ಣಾಂಶದ ಪಟ್ಟಿ. ಅಲ್ಲಿ ಅತಿ ತಂಪಿನ ತಿಂಗಳಿಗೂ ಅತಿ ಸೆಕೆಯ ತಿಂಗಳಿಗೂ ಸರಾಸರಿಯಲ್ಲಿ ವ್ಯತ್ಯಾಸ ಎರಡು ಡಿಗ್ರಿಯ ಆಸುಪಾಸು. ಎರಡೇ ಡಿಗ್ರಿ! ಹಾಗಾದರೆ ಲಿಫ್ಟಿನಲ್ಲಿ ಸಿಕ್ಕ ಅಪರಿಚಿತನ ಹತ್ತಿರ ಏನು ಮಾತಾಡುವುದು? ‘ಈ ಸಲ ಚಳಿ ಜಾಸ್ತಿ, ಅಲ್ವಾ’ ಎನ್ನುವ ಒಂದೇ ಒಂದು ಬಂಡವಾಳದ ಮೇಲೆ ನನ್ನ ಸಾಮಾಜಿಕ ಬದುಕು ನಿಂತಿದೆ. ಮುದುಡಿಕೊಳ್ಳುವುದಕ್ಕೆ ಕಾರಣವೇ ಇಲ್ಲದ ಮೇಲೆ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುವುದು ಯಾಕೆ? ಕಳೆದ ಬೇಸಿಗೆಯಲ್ಲಿ, ಕರೆಂಟು ಹೋಗಿ ದಿಂಬು ತಿರುವಿ ತಿರುವಿ ಹಾಕಿಕೊಂಡ ಆ ರಾತ್ರಿ, ದ್ವೀಪ ಒಮ್ಮೆಯೂ ನೆನಪಾಗಿರಲಿಲ್ಲ. ಆವತ್ತು ಕನಸಿನಲ್ಲಿ ಬಂದದ್ದು ಹಿಮಾಲಯ ಎಂಬುದನ್ನು ಇಲ್ಲಿ ಹೇಳಬಾರದಿತ್ತು.

ಗಡಿಯಾರ ನೋಡಿದರೆ ಮುಕ್ಕಾಲು ಗಂಟೆ ಕಳೆದಿತ್ತು. ಧಡಕ್ಕನೆ ಎದ್ದು ಬಚ್ಚಲುಮನೆಗೆ ಓಡಿದೆ. ಮಗ್ಗಿನಲ್ಲಿ ಬೆರಳದ್ದಿದರೆ ನೀರು ತಣ್ಣಗೆ ಕೊರೆಯುತ್ತಿತ್ತು. ನಡುವೆ ಯಾವಾಗಲೋ ಕರಗಿದ್ದ ಎಣ್ಣೆ ಮತ್ತೆ ಅಂಚಿನಿಂದ ಬೆಳ್ಳಗಾಗತೊಡಗಿತ್ತು. ನೀರು ಚೆಲ್ಲಿ, ಹೊಸದಾಗಿ ಬಿಸಿ ಮಾಡಿದ ನೀರು ತುಂಬಿಸಿ, ಬಾಟಲಿಯನ್ನು ಅದರಲ್ಲಿ ನಿಲ್ಲಿಸಿದೆ. ಈ ಸಲ ಅಲ್ಲೇ ನಿಂತು ಕಾಯಬೇಕೆಂದು ಗಟ್ಟಿ ಮನಸ್ಸು ಮಾಡಿದ್ದೆ. ಆದರೆ ರಗ್ಗಿನೊಳಗಿನ ಜಾಗ ಇನ್ನೂ ಆರಿರಲಿಕ್ಕಿಲ್ಲ ಅನ್ನಿಸಿತು.