ಹಳ್ಳಿಗಮಾರ ಅನ್ನೋ ಮುಂಚೆ

ಗಮಾರ ಅನ್ನೋ ಬೈಗುಳ ಹುಟ್ಟಿದ್ದೇ ಹಳ್ಳಿಯ ಹೆಸರಿನಿಂದ. ಹಿಂದಿಯಲ್ಲಿ ಇದು ಗಂವಾರ್. ಗಾಂವ್ ಅಂದರೆ ಊರು, ಹಳ್ಳಿ. ಸಂಸ್ಕೃತದ ಗ್ರಾಮವೇ ಸವೆದು ಸವೆದು ಗಾಂವ್ ಆಗಿದೆ. ಹಾಗಾಗಿ ಗಮಾರ ಎಂದರೆ ಹಳ್ಳಿಯವನು, ಅಷ್ಟೇ. ನಾವು ಅದು ಸಾಲದು ಅಂತ ಹಳ್ಳಿಗಮಾರ ಮಾಡಿಕೊಂಡಿದ್ದೇವೆ. ಒಂದೇ ಉಸಿರಿಗೆ ಹಳ್ಳಿಯನ್ನು ಎರಡು ಸಲ ಬೈದ ಹಾಗಾಯಿತು.

ಬೇರೆ ಕಡೆಯೂ ಇದೇ ಕತೆ. ಸಿನಿಮಾದ ವಿಲನ್ ಇದ್ದಾನಲ್ಲ, ಆ ಪದದ ಬೇರು ಲ್ಯಾಟಿನ್ನಿನ ವಿಲ್ಲಾ, ಅಂದರೆ ಜಮೀನಿನ ನಡುವಿನ ಮನೆ. ಅಲ್ಲಿ ದುಡಿಯುತ್ತಿದ್ದ ಆಳು ಕಾಲ ಕಳೆದಂತೆ ಕೇಡಿಯಾಗಿಬಿಟ್ಟ. ಒರಟನಿಗೆ ಇಂಗ್ಲಿಷಿನಲ್ಲಿರುವ ಬೂರ್ ಅನ್ನೋ ಪದವೂ ಮೊದಲು ರೈತನ ಹೆಸರೇ. ನಮ್ಮ ಅಲಂಕಾರಶಾಸ್ತ್ರದಲ್ಲಿ ಗ್ರಾಮ್ಯ ಅನ್ನೋದು ಕಾವ್ಯದೋಷ. ನಗರದಲ್ಲಿದ್ದವನು ಮಾತ್ರ ನಾಗರಿಕ!

ಇದರ ಮಧ್ಯೆ ಒಂದು ಸಮಾಧಾನ ಇದೆ. ಶಾಸನಗಳಲ್ಲಿ ಊರಿನ ಮುಖ್ಯಸ್ಥನನ್ನು ಗಾಮುಂಡ, ಗಾವುಂಡ ಎಂದು ಕರೆದಿದ್ದಾರೆ. ಇಂದಿನ ಗೌಡ ಬಂದದ್ದು ಅಲ್ಲಿಂದ. ಆ ಪದವನ್ನೂ ಗ್ರಾಮದ ಜೊತೆಗೇ ಜೋಡಿಸುತ್ತಾರೆ. ಒಂದೇ ಬೇರಿನಿಂದ ಗೌರವದ ಹೆಸರೂ ಬಂತು, ಬೈಗುಳವೂ ಬಂತು.

ಇತ್ತೀಚೆಗೆ ಎಟಿಎಂ ಮುಂದಿನ ಸಾಲಿನಲ್ಲಿ ವಯಸ್ಸಾದ ಒಬ್ಬರು, ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು, 'ಇದೊಂಚೂರು ನೋಡಿ ಕೊಡ್ತೀರಾ ಸ್ವಾಮಿ' ಅಂದರು. ಮುಂದಿದ್ದ ಹುಡುಗ 'ಓದಕ್ಕೆ ಬರಲ್ವಾ ನಿಂಗೆ?' ಅಂತ ಸಿಡುಕಿ, ಗೆಳೆಯನ ಕಡೆ ತಿರುಗಿ 'ಹಳ್ಳಿಗಮಾರ' ಅಂದ. ಮೊಮ್ಮಗನ ವಯಸ್ಸಿನವನಿಗೆ ಬಹುವಚನ ಕೊಟ್ಟವರು ಅವರು. ನನಗೆ ಹೊಟ್ಟೆ ಉರಿದುಹೋಯಿತು.

ಹಳ್ಳಿಯವರಿಗೆ ಮಾತಿನ ನಯ ಗೊತ್ತಿಲ್ಲ ಅನ್ನುವವರು ಅವರ ಮನೆಯಲ್ಲಿ ಒಂದು ಸಂಜೆ ಕೂತು ಕೇಳಬೇಕು. ದೀಪ ಆರಿಸು ಅನ್ನಲ್ಲ, ದೀಪ ದೊಡ್ಡದು ಮಾಡು ಅಂತಾರೆ. ಕೈಬಳೆ ಒಡೆದರೆ ಬಳೆ ಹೆಚ್ಚಿತು ಅಂತಾರೆ. ಹೊರಟವರನ್ನು 'ಎಲ್ಲಿಗೆ' ಅಂತ ನೇರವಾಗಿ ಕೇಳಲ್ಲ, 'ದೂರ ಹೊರಟ್ರಾ?' ಅಂತಾರೆ. ಹೊರಡುವವರೂ ಹೋಗ್ತೀನಿ ಅನ್ನಲ್ಲ, ಹೋಗಿ ಬರ್ತೀನಿ ಅಂತಾರೆ. ಕೇಳುವವರ ಮನಸ್ಸಿಗೆ ಕೆಟ್ಟದ್ದು ತಾಕಬಾರದು ಅಂತ ಇಷ್ಟು ಜೋಪಾನ. ಇದನ್ನು ಯಾವ ಪುಸ್ತಕ ನೋಡಿಯೂ ಕಲಿತದ್ದಲ್ಲ. ಅಜ್ಜಿಯರ ಬಾಯಿಂದ ಬಂದದ್ದು.

ಒರಟುತನಕ್ಕೆ ಕನ್ನಡದಲ್ಲಿ ಪದಕ್ಕೇನೂ ಬರ ಇಲ್ಲ. ಒರಟ ಅನ್ನಿ, ಸಿಡುಕ ಅನ್ನಿ, ಮರ್ಯಾದೆ ಇಲ್ಲದವನು ಅನ್ನಿ. ಇವೆಲ್ಲ ಅವನು ನಡೆದುಕೊಂಡ ರೀತಿಯನ್ನು ಹೇಳುತ್ತವೆ. ಅವನು ಹುಟ್ಟಿದ ಜಾಗವನ್ನಲ್ಲ. ಮೇಷ್ಟ್ರುಗಳಿಗೆ ನನ್ನದೊಂದು ಬೇಡಿಕೆ. ತರಗತಿಯಲ್ಲಿ ಮಕ್ಕಳನ್ನು ಬೈಯುವಾಗ ಈ ಪದ ಬಳಸಬೇಡಿ. ಹಿಂದಿನ ಬೆಂಚಿನಲ್ಲಿ ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಬಂದ ಹುಡುಗಿ ಕೂತಿರುತ್ತಾಳೆ. ಅದು ತನ್ನ ಅಪ್ಪನಿಗೇ ಬೈದದ್ದು ಅಂತ ಅವಳಿಗೆ ಅರ್ಥವಾಗುತ್ತದೆ.