ಬೀಟ್‌ನೋಟ್ ಚೂಪಾದರೆ ಪಲ್ಸ್ ಬಂದಹಾಗಲ್ಲ

ಕ್ವಾಂಟಮ್ ಕ್ಯಾಸ್ಕೇಡ್ ಲೇಸರ್ ಅಂದರೆ ಅರೆವಾಹಕದ ತೆಳು ಪದರಗಳಿಂದ ಮಾಡಿದ, ಅತಿಕೆಂಪು ಬೆಳಕು ಕೊಡುವ ಚಿಪ್. ಅದರ ಬೀಟ್‌ನೋಟಿನ (ಅಕ್ಕಪಕ್ಕದ ಫ್ರೀಕ್ವೆನ್ಸಿಗಳು ಬೆರೆತು ಹುಟ್ಟುವ ಸಿಗ್ನಲ್ಲಿನ) ಅಗಲ ಕಿಲೋಹರ್ಟ್ಸ್‌ಗೆ ಇಳಿದ ಕೂಡಲೇ ‘ಪಲ್ಸ್ ಸಿಕ್ಕಿತು’ ಅನ್ನುವವರಿದ್ದಾರೆ. ಸಿಕ್ಕಿರುವುದು ಫ್ರೀಕ್ವೆನ್ಸಿ ಕೋಂಬ್, ಅಂದರೆ ಬಾಚಣಿಗೆಯ ಹಲ್ಲಿನಂತೆ ಸಮ ಅಂತರದ ಫ್ರೀಕ್ವೆನ್ಸಿಗಳ ಸಾಲು, ಅಷ್ಟೇ.

4 ಮಿ.ಮೀ. ಚಿಪ್ಪಿನೊಳಗೆ ಬೆಳಕು ಒಂದು ಸುತ್ತು ಹೋಗಿಬರಲು ಸುಮಾರು 90 ಪಿಕೋಸೆಕೆಂಡ್ ಹಿಡಿಯುತ್ತದೆ. ಖಾಲಿಯಾದ ಗೇನ್ (ಬೆಳಕನ್ನು ವರ್ಧಿಸುವ ಶಕ್ತಿ) ಮತ್ತೆ ತುಂಬಲು ಒಂದೆರಡು ಪಿಕೋಸೆಕೆಂಡ್ ಸಾಕು. ಹಾಗಾಗಿ ತಲೆಯೆತ್ತಿದ ಪಲ್ಸನ್ನು ಗೇನೇ ಚಿವುಟಿ, ಅದರ ಹಿಂದುಮುಂದಿನ ಮಂದ ಬೆಳಕನ್ನು ಬೆಳೆಸುತ್ತದೆ. ಕೊನೆಗೆ ತೀವ್ರತೆ ಹೆಚ್ಚುಕಡಿಮೆ ಸಮನಾಗಿ ನಿಂತು, ಫ್ರೀಕ್ವೆನ್ಸಿ ಮಾತ್ರ ಪ್ರತಿ ಸುತ್ತಿಗೂ ಒಂದು ತುದಿಯಿಂದ ಇನ್ನೊಂದಕ್ಕೆ ಜಾರುತ್ತದೆ.

ಈ ಗುಣದ ಜೊತೆ ಗುದ್ದಾಡುವುದಕ್ಕಿಂತ ಅದನ್ನೇ ಬಳಸಿಕೊಳ್ಳುವುದು ಜಾಣತನ ಅನ್ನುವುದು ನನ್ನ ವಾದ. ಸುತ್ತಿನ ಫ್ರೀಕ್ವೆನ್ಸಿಯಲ್ಲೇ, ಅಂದರೆ 11 ಗಿಗಾಹರ್ಟ್ಸ್ ಆಸುಪಾಸಿನಲ್ಲಿ, ಕರೆಂಟನ್ನು ಮಾಡ್ಯುಲೇಟ್ ಮಾಡಿ ಜಾರಿಕೆಯನ್ನು ನೇರಗೆರೆಗೆ ತನ್ನಿ. ಈ ಬೆಳಕನ್ನು ಪಲ್ಸಾಗಿ ಹಿಂಡುವ ಕೆಲಸ ಹೊರಗಿನ ಗ್ರೇಟಿಂಗ್ ಕಂಪ್ರೆಸರಿಗೆ (ಸೂಕ್ಷ್ಮ ಗೀರುಗಳಿರುವ ಫಲಕಗಳ ಜೋಡಿಗೆ) ಬಿಡಿ. 2021ರಲ್ಲಿ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ತಂಡ 8 ಮೈಕ್ರೋಮೀಟರ್ ಹತ್ತಿರ 630 ಫೆಮ್ಟೋಸೆಕೆಂಡ್ ಪಲ್ಸ್ ತೆಗೆದದ್ದು ಹೊರಗೆ ಹಿಂಡಿಯೇ.

ಹೀಗೆ ಹಿಂಡಲು ಎಷ್ಟು ಡಿಸ್ಪರ್ಷನ್ (ಫ್ರೀಕ್ವೆನ್ಸಿಗೆ ತಕ್ಕಂತೆ ಬೆಳಕನ್ನು ತಡಮಾಡಿಸುವುದು) ಬೇಕು? ಸುತ್ತಿನ ಸಮಯವನ್ನು ಬ್ಯಾಂಡ್‌ವಿಡ್ತ್‌ನ ಎರಡು ಪೈ ಪಟ್ಟಿನಿಂದ ಭಾಗಿಸಿ. 90 ಪಿಕೋಸೆಕೆಂಡಿಗೆ 3 ಟೆರಾಹರ್ಟ್ಸ್ ಆದರೆ 4.8 ಚದರ ಪಿಕೋಸೆಕೆಂಡ್. ಇಷ್ಟಕ್ಕೆ ಜರ್ಮೇನಿಯಂ ಕಂಬಿ ಇಡಹೊರಟರೆ ಮೀಟರುಗಟ್ಟಲೆ ಬೇಕಾದೀತು. ಗ್ರೇಟಿಂಗ್ ಜೋಡಿಯ ನಡುವೆ ಟೆಲಿಸ್ಕೋಪ್ ಇಟ್ಟರೆ ಡಿಸ್ಪರ್ಷನ್ನಿನ ಪ್ರಮಾಣವನ್ನೂ ಚಿಹ್ನೆಯನ್ನೂ ಬದಲಿಸಬಹುದು.

ಹಲವರು ಎಡವುವುದು ಪೋಲರೈಸೇಷನ್‌ನಲ್ಲಿ, ಅಂದರೆ ಬೆಳಕಿನ ಕಂಪನದ ದಿಕ್ಕಿನಲ್ಲಿ. ಈ ಲೇಸರಿನಲ್ಲಿ ಅದು ಚಿಪ್ಪಿನ ಪದರಗಳಿಗೆ ಲಂಬ. ಚಿಪ್ ಮಲಗಿದ್ದು ಗ್ರೇಟಿಂಗಿನ ಗೀರುಗಳು ನಿಂತಿದ್ದರೆ ಎರಡೂ ಒಂದೇ ದಿಕ್ಕಾಗಿ, ಪವರ್ ಸೋರಿಹೋಗುತ್ತದೆ. ಎರಡು ಕನ್ನಡಿ ಇಟ್ಟು ಪೋಲರೈಸೇಷನನ್ನು 90 ಡಿಗ್ರಿ ತಿರುಗಿಸಿ. ಲೆನ್ಸಿನಿಂದ ಹಿಂದಿರುಗುವ ಚೂರು ಬೆಳಕೂ ಕೋಂಬನ್ನು ಕೆಡಿಸಬಲ್ಲದು. ಪ್ರತಿಫಲನ ತಡೆಯುವ ಕೋಟಿಂಗ್ ಇದೆಯೇ ನೋಡಿ ಲೆನ್ಸ್ ಕೊಳ್ಳಿ, ಸಾಧ್ಯವಾದರೆ ಬೆಳಕನ್ನು ಒಂದೇ ದಿಕ್ಕಿಗೆ ಬಿಡುವ ಐಸೊಲೇಟರ್ ಹಾಕಿ. 6 ಮೈಕ್ರೋಮೀಟರ್ ಸುತ್ತಮುತ್ತ ಗಾಳಿಯ ನೀರಾವಿ ಬೆಳಕು ನುಂಗುತ್ತದೆ, ಒಣ ನೈಟ್ರೋಜನ್ ಹರಿಸಲೇಬೇಕು.

ಕೊನೆಗೆ ಪುರಾವೆ. ಎರಡು ಫೋಟಾನ್ ಹೀರುವ ಕ್ವಾಂಟಮ್ ವೆಲ್ ಡಿಟೆಕ್ಟರಿನಲ್ಲಿ ಇಂಟರ್‌ಫೆರೋಮೆಟ್ರಿಕ್ ಆಟೊಕೋರಿಲೇಷನ್ (ಬೆಳಕನ್ನು ತನ್ನದೇ ತಡವಾದ ಪ್ರತಿಯೊಂದಿಗೆ ಬೆರೆಸಿದ ಅಳತೆ) ತೆಗೆದು ಶಿಖರ–ತಳದ ಅನುಪಾತ ನೋಡಿ. ಬಿಡಿಬಿಡಿ ಪಲ್ಸ್‌ಗೆ 8:1. ಸಮ ತೀವ್ರತೆಯ ಬೆಳಕಿಗೆ 8:3. ಯದ್ವಾತದ್ವಾ ಏರಿಳಿಯುವ ಬೆಳಕಿನ ಬರೀ ಗದ್ದಲವೂ 8:2 ತೋರಿಸಿ, ನಡುವಿನ ಚೂಪು ಶಿಖರದಿಂದ ಪಲ್ಸೇ ಅನ್ನಿಸಿಬಿಡುತ್ತದೆ. ಶಿಖರಕ್ಕೆ ಮರುಳಾಗದೆ ತಳ ಅಳೆಯಿರಿ.